ಮೂರು ಕಪ್ ಒಂದು ಕಡೆ, ನಾಲ್ಕನೇದು ಒಂದು ಕಡೆ

ಸಾಫ್ಟ್‌ವೇರ್ ಕೆಲಸದ ಒಂದು ಚಟ ಇದೆ. ಯಾವ ನಂಬರ್ ಕಂಡರೂ ಬಾಯಿಗೆ ಮೊದಲು ಬರೋ ಪ್ರಶ್ನೆ, "ಎಷ್ಟರಲ್ಲಿ ಎಷ್ಟು?" ಇದೇ ಪ್ರಶ್ನೆ ಹಿಡ್ಕೊಂಡು ಈ ವಾರ ಆಸ್ಟ್ರೇಲಿಯಾದ ಒಂದು ಮಹಿಳಾ ರಗ್ಬಿ ಲೀಗ್ ತಂಡದ ದಾಖಲೆಗಳನ್ನ ನೋಡೋಣ. ತಂಡದ ಹೆಸರು ಬ್ರಿಸ್ಬೇನ್ ಬ್ರಾಂಕೋಸ್.

ಆಟ ಗೊತ್ತಿಲ್ಲದವರಿಗೆ ಎರಡೇ ಮಾತು. ರಗ್ಬಿಯಲ್ಲಿ ಯೂನಿಯನ್ ಮತ್ತು ಲೀಗ್ ಅಂತ ಎರಡು ಬಗೆ. ಲೀಗ್‌ನಲ್ಲಿ ತಂಡಕ್ಕೆ 13 ಜನ. ಚೆಂಡನ್ನ ಕೈಯಿಂದ ಮುಂದಕ್ಕೆ ಎಸೆಯೋ ಹಾಗಿಲ್ಲ, ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು. ಚೆಂಡು ಹಿಡಿದು ಓಡುವವಳನ್ನ ಎದುರಾಳಿಗಳು ಕಬಡ್ಡಿ ಥರ ಹಿಡಿದು ಕೆಡವ್ತಾರೆ. ಹೀಗೆ ಆರು ಸಲ ಆದ್ರೆ ಚೆಂಡು ಅವರ ಪಾಲು. ಕೊನೇ ಗೆರೆ ದಾಟಿ ಚೆಂಡನ್ನ ನೆಲಕ್ಕೆ ಒತ್ತಿದರೆ ಅದು 'ಟ್ರೈ', 4 ಅಂಕ. ಆಮೇಲೆ ಒದ್ದು ಕಂಬಗಳ ನಡುವೆ ಹಾಯಿಸಿದರೆ ಇನ್ನೂ 2.

ಮಹಿಳೆಯರ ರಾಷ್ಟ್ರೀಯ ಲೀಗ್, ಅಂದ್ರೆ ಎನ್‌ಆರ್‌ಎಲ್‌ಡಬ್ಲ್ಯೂ, ಶುರುವಾಗಿದ್ದು 2018ರಲ್ಲಿ. ಮೊದಲ ಮೂರೂ ವರ್ಷ ಕಪ್ ಬ್ರಾಂಕೋಸ್ ಮನೆಗೇ ಹೋಯ್ತು. 2018ರ ಫೈನಲ್‌ನಲ್ಲಿ ಸಿಡ್ನಿ ರೂಸ್ಟರ್ಸ್ ವಿರುದ್ಧ 34-12, 2019ರಲ್ಲಿ ಸೇಂಟ್ ಜಾರ್ಜ್ ಇಲ್ಲವಾರಾ ಡ್ರ್ಯಾಗನ್ಸ್ ವಿರುದ್ಧ 30-6, 2020ರಲ್ಲಿ ಮತ್ತೆ ರೂಸ್ಟರ್ಸ್ ವಿರುದ್ಧ 20-10. ಸತತ ಮೂರು!

ಈಗ ಎಷ್ಟರಲ್ಲಿ ಎಷ್ಟು ಅಂತ ಕೇಳಿ. ಆಗ ಲೀಗ್‌ನಲ್ಲಿ ಇದ್ದದ್ದೇ ನಾಲ್ಕು ತಂಡ. ಒಬ್ಬೊಬ್ಬರಿಗೆ ಮೂರು ಪಂದ್ಯ, ಆಮೇಲೆ ನೇರ ಫೈನಲ್. ಮೂರು ಕಪ್‌ಗೆ ಒಟ್ಟು ಆಡಿದ್ದು 12 ಪಂದ್ಯ. ಈಗಿನ ಗಂಡಸರ ಲೀಗ್‌ನಲ್ಲಿ ಒಂದು ತಂಡ ಒಂದೇ ಸೀಸನ್‌ಗೆ, ಫೈನಲ್ಸ್ ಬಿಟ್ಟು, 24 ಪಂದ್ಯ ಆಡುತ್ತೆ.

"ಹಾಗಾದ್ರೆ ಇದೇನು ಮಹಾ ದಾಖಲೆ?" ಅಂತ ಯಾರಾದ್ರೂ ಕೇಳಬಹುದು. ಇಲ್ಲೇ ನಾವು ಎಡವೋದು. ಗೆದ್ದದ್ದು ಎಷ್ಟು ಅನ್ನೋದು ಆಟಗಾರ್ತಿಯರ ಕೈಯಲ್ಲಿತ್ತು. ಎಷ್ಟರಲ್ಲಿ ಅನ್ನೋದು ಅವರ ಕೈಯಲ್ಲಿ ಇರಲಿಲ್ಲ. ಕೊಟ್ಟಷ್ಟು ಪಂದ್ಯ ಆಡಿದ್ರು, ಕಪ್ ಗೆದ್ದರು. ಸಿಡ್ನಿಯಲ್ಲಿ ಗಂಡಸರ ಲೀಗ್ ಶುರುವಾಗಿದ್ದು 1908ರಲ್ಲಿ. ಇದೇ ಬ್ರಾಂಕೋಸ್ ಕ್ಲಬ್‌ನ ಗಂಡಸರ ತಂಡ ಕಣಕ್ಕಿಳಿದದ್ದು 1988ರಲ್ಲಿ. ಹೆಣ್ಣುಮಕ್ಕಳ ಲೆಕ್ಕದ ಪುಸ್ತಕದ ಮೊದಲ ಪುಟಕ್ಕೆ ಅಲ್ಲಿಂದ ಮೂವತ್ತು ವರ್ಷ ಕಾಯಬೇಕಾಯ್ತು.

ಮುಂದೆ ಕತೆ ತಿರುಗುತ್ತೆ. ಹೊಸ ತಂಡಗಳು ಬಂದ್ವು, ಒಳ್ಳೇ ಆಟಗಾರ್ತಿಯರು ಹಂಚಿಹೋದರು. ಬ್ರಾಂಕೋಸ್‌ನ ಫುಲ್‌ಬ್ಯಾಕ್ ಟಮಿಕಾ ಅಪ್ಟನ್, ಮಿಲ್ಲಿ ಬಾಯ್ಲ್ ಇಬ್ಬರೂ 2022ಕ್ಕೆ ನ್ಯೂಕ್ಯಾಸಲ್ ನೈಟ್ಸ್ ಸೇರಿದರು. ಅದರ ಹಿಂದಿನ ಸೀಸನ್‌ನಲ್ಲಿ ಒಂದೂ ಪಂದ್ಯ ಗೆಲ್ಲದಿದ್ದ ನೈಟ್ಸ್, ಆ ವರ್ಷ ಚಾಂಪಿಯನ್! 2023ರಲ್ಲೂ ಕಪ್ ಅವರದೇ. ಬ್ರಾಂಕೋಸ್‌ಗೆ ಮಾತ್ರ ನಾಲ್ಕು ಸೀಸನ್ ಕಪ್ ಇಲ್ಲ. ಆಫೀಸಲ್ಲಿ ಇಬ್ಬರು ಸೀನಿಯರ್‌ಗಳು ಪೇಪರ್ ಹಾಕಿದ್ರೆ ಟೀಮ್ ಏನಾಗುತ್ತೆ ಅಂತ ನಿಮಗೆ ಬಿಡಿಸಿ ಹೇಳಬೇಕಾ?

ದುಡ್ಡಿನ ಮಾತೂ ಇದೆ. 2023ರಲ್ಲಿ ಆಟಗಾರ್ತಿಯರಿಗೆ ಮೊದಲ ಬಾರಿಗೆ ಐದು ವರ್ಷಗಳ ವೇತನ ಒಪ್ಪಂದ ಸಿಕ್ಕಿತು. ಆ ವರ್ಷದ ಕನಿಷ್ಠ ಸಂಬಳ 30,000 ಆಸ್ಟ್ರೇಲಿಯನ್ ಡಾಲರ್. ಕೇಳೋಕೆ ದೊಡ್ಡದು, ಅಲ್ಲಿ ಜೀವನ ನಡೆಸೋಕೆ ಸಾಲದು. ಅದಕ್ಕೇ ಎಷ್ಟೋ ಜನ ಇನ್ನೊಂದು ಕೆಲಸ ಮಾಡ್ಕೊಂಡೇ ಟ್ರೈನಿಂಗ್‌ಗೆ ಬರ್ತಾರೆ.

ಇಷ್ಟೆಲ್ಲ ಆದಮೇಲೆ ಬಂತು 2025. ಈಗ ಲೀಗ್‌ನಲ್ಲಿ 12 ತಂಡ, ಒಬ್ಬೊಬ್ಬರಿಗೆ 11 ಪಂದ್ಯ. ಅಪ್ಟನ್ ಮತ್ತೆ ಬ್ರಾಂಕೋಸ್ ಜೆರ್ಸಿಯಲ್ಲಿ. ನಾಯಕಿ ಆಲಿ ಬ್ರಿಗಿನ್‌ಶಾ, 2018ರ ಮೊದಲ ತಂಡದಲ್ಲೂ ಇದ್ದವರು. ಫೈನಲ್‌ನಲ್ಲಿ ಎದುರಿಗೆ ಆ ಸೀಸನ್‌ನಲ್ಲಿ ಒಂದೂ ಪಂದ್ಯ ಸೋಲದ ರೂಸ್ಟರ್ಸ್. ಅಕ್ಟೋಬರ್ 5ರಂದು ಸಿಡ್ನಿಯಲ್ಲಿ ಬ್ರಾಂಕೋಸ್ ಗೆದ್ದದ್ದು 22-18ರಿಂದ. ಅದೇ ದಿನ, ಅದೇ ಮೈದಾನದಲ್ಲಿ, ಗಂಡಸರ ತಂಡವೂ ಮೆಲ್ಬರ್ನ್ ಸ್ಟಾರ್ಮ್ ವಿರುದ್ಧ 26-22ರಿಂದ ಕಪ್ ಎತ್ತಿತು. ಒಂದೇ ವರ್ಷ ಎರಡೂ ಕಪ್ ಗೆದ್ದ ಮೊದಲ ಕ್ಲಬ್ ಇದು. ಅಪ್ಟನ್‌ಗೆ ಅದು ಐದನೇ ಕಪ್: ಬ್ರಾಂಕೋಸ್ ಜೊತೆ ಮೂರು, ನೈಟ್ಸ್ ಜೊತೆ ಎರಡು.

ದಾಖಲೆ ಪಟ್ಟಿಯಲ್ಲಿ ನಾಲ್ಕೂ ಕಪ್‌ಗೆ ಒಂದೊಂದೇ ಸಾಲು. ನನ್ನನ್ನ ಕೇಳಿದ್ರೆ ನಾಲ್ಕನೇದರ ತೂಕ ಜಾಸ್ತಿ, ಯಾಕಂದ್ರೆ ಅದನ್ನ ಕಿತ್ಕೊಳ್ಳೋಕೆ ಇನ್ನೂ ಹನ್ನೊಂದು ತಂಡ ಕಾದಿದ್ವು. ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದ ಅಂಕಿ ಕಪ್‌ಗಳದ್ದಲ್ಲ. ಮೂರು ಪಂದ್ಯ ಹನ್ನೊಂದಾಯ್ತಲ್ಲ, ಅದು. ಮುಂದಿನ ಸಲ ಯಾರಾದ್ರೂ ಹೆಣ್ಣುಮಕ್ಕಳ ದಾಖಲೆಯನ್ನ ಗಂಡಸರದ್ದರ ಪಕ್ಕ ಇಟ್ಟು ನಕ್ಕರೆ, ಜಗಳ ಬೇಡ. ಇಷ್ಟೇ ಕೇಳಿ: "ಅವರಿಗೆ ಆಡೋಕೆ ಕೊಟ್ಟಿದ್ದು ಎಷ್ಟು?"