‘ನಗಣ್ಯ’ವೆಂದು ಬಿಟ್ಟದ್ದು

‘ಘರ್ಷಣೆಯನ್ನು ನಗಣ್ಯವೆಂದು ಭಾವಿಸಿ’ ಎಂಬ ಮಾತು ಭೌತಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಲೆಕ್ಕ ಕಲಿಯುವ ಮಗುವಿಗೆ ಅದು ಅನುಕೂಲವೇ ಸರಿ. ಆದರೆ ವಸ್ತುವಿನ ಸುತ್ತಣ ಪರಿಸರವೆಂದರೆ ಬರಿಯ ಅಡ್ಡಿ ಎಂಬ ಭಾವನೆ ಬೇರೂರುವುದು ತರವಲ್ಲ. ಕ್ವಾಂಟಂ ವಿಜ್ಞಾನವು ಈ ಭಾವನೆಯನ್ನು ಅಲುಗಾಡಿಸಿದೆ.

ಲೇಸರ್ ಬೆಳಕಿನ ಅತಿ ಸಪೂರ ಕೊಳವೆಗಳಲ್ಲಿ ಪರಮಾಣುಗಳನ್ನು ಸಾಲಾಗಿ ಹಿಡಿದಿಡಬಹುದು. ಅವು ಹಿಂದೆ ಮುಂದೆ ಚಲಿಸಬಲ್ಲವೇ ಹೊರತು ಪಕ್ಕಕ್ಕೆ ಸರಿಯಲಾರವು; ಅದೊಂದು ಏಕ ಆಯಾಮದ ಲೋಕ. ಅಮೆರಿಕದ ಡೇವಿಡ್ ವೈಸ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಂತಹ ರುಬಿಡಿಯಂ ಪರಮಾಣುಗಳು ಸಾವಿರಾರು ಬಾರಿ ಡಿಕ್ಕಿ ಹೊಡೆದರೂ ಸಾಮಾನ್ಯ ಅನಿಲದಂತೆ ಉಷ್ಣ ಸಮತೋಲಕ್ಕೆ ಬರಲಿಲ್ಲ. ಹೊರಗಿನ ಪರಿಸರದಿಂದ ಅವು ಬಹುಮಟ್ಟಿಗೆ ಬೇರ್ಪಟ್ಟಿದ್ದವು.

ಹಾಗಾದರೆ ಹೊರಗಿನ ಬಾಗಿಲು ತೆರೆದು ಕಣಗಳು ಸೋರತೊಡಗಿದರೆ? ಜರ್ಮನಿಯ ಗಾರ್ಶಿಂಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು 2008ರಲ್ಲಿ ಇದಕ್ಕೆ ಅನಿರೀಕ್ಷಿತ ಉತ್ತರವನ್ನಿತ್ತರು. ಅವರ ಕೊಳವೆಗಳಲ್ಲಿದ್ದ ರುಬಿಡಿಯಂ ಅಣುಗಳು ಎರಡು ಕೂಡಿದರೆ ಎರಡೂ ಹೊರಕ್ಕೆ ಚಿಮ್ಮಿ ನಷ್ಟವಾಗುವಂಥವು. ಕೊಳವೆಗಳು ಬೇಗನೆ ಬರಿದಾಗಬೇಕಿತ್ತು. ಆದರೆ ನಷ್ಟದ ಪ್ರಾಬಲ್ಯವೇ ಅಣುಗಳನ್ನು ಒಂದಕ್ಕೊಂದು ಸಮೀಪಿಸದಂತೆ ತಡೆದು ನಷ್ಟವನ್ನು ತಗ್ಗಿಸಿತು! ಕ್ವಾಂಟಂ ಕಣದ ನಡೆ ಅಲೆಯ ನಡೆ. ಮರಳ ದಂಡೆಯಲ್ಲಿ ಕರಗುವ ಅಲೆ ಕಡಿದಾದ ಬಂಡೆಗೆ ಬಡಿದರೆ ಹಿಂದಿರುಗುವುದಿಲ್ಲವೇ? ಇದೂ ಹಾಗೆಯೇ.

ಈ ಚಿಂತನೆಯ ಬೇರು ನಮ್ಮವರಲ್ಲಿಯೂ ಇದೆ. ಪರಿಸರದೊಡನೆ ಬೆರೆತ ಕ್ವಾಂಟಂ ವ್ಯವಸ್ಥೆಯ ನಡೆಯನ್ನು ಹೇಳುವ ಸಮೀಕರಣವನ್ನು 1976ರಲ್ಲಿ ಗೊರಿನಿ, ಕೊಸಕೋವ್‌ಸ್ಕಿ ಹಾಗೂ ಕೇರಳ ಮೂಲದ ಇ. ಸಿ. ಜಿ. ಸುದರ್ಶನ್ ಒಟ್ಟಾಗಿಯೂ, ಲಿಂಡ್‌ಬ್ಲಾಡ್ ಪ್ರತ್ಯೇಕವಾಗಿಯೂ ಪ್ರಕಟಿಸಿದರು. ಮೇಲಿನಂಥ ತಡೆಯನ್ನು ‘ಕ್ವಾಂಟಂ ಝೀನೊ ಪರಿಣಾಮ’ ಎನ್ನುತ್ತಾರೆ; 1977ರಲ್ಲಿ ಇದಕ್ಕೆ ಝೀನೊನ ಹೆಸರನ್ನು ಜೋಡಿಸಿದವರು ಬೈದ್ಯನಾಥ ಮಿಶ್ರ ಮತ್ತು ಸುದರ್ಶನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೈದ್ಧಾಂತಿಕ ಅಧ್ಯಯನ ಕೇಂದ್ರವನ್ನು ಕಟ್ಟಿದವರೂ ಇದೇ ಸುದರ್ಶನ್.

ಪರಿಸರವು ಸದಾ ಮಿತ್ರನೆಂದು ನಾನು ಹೇಳುತ್ತಿಲ್ಲ. ಕ್ವಾಂಟಂ ಗಣಕಯಂತ್ರಕ್ಕೆ ಅದು ಇಂದಿಗೂ ದೊಡ್ಡ ತೊಡಕು. 2023ರಲ್ಲಿ ಕೇಂದ್ರ ಸರಕಾರವು ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ 6003.65 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಆ ಹಣ ಪ್ರಯೋಗಾಲಯಗಳನ್ನು ಕಟ್ಟಬಲ್ಲದು. ಪ್ರಶ್ನೆ ಕೇಳುವ ಮನಸ್ಸನ್ನು ಕಟ್ಟಬೇಕಾದುದು ಶಾಲೆಯೇ.

ಆದುದರಿಂದ ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಮೋತಿ ಡೊಂಗರದ ನಮ್ಮ ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ: ‘ನಗಣ್ಯವೆಂದು ಭಾವಿಸಿ’ ಎಂಬ ಲೆಕ್ಕ ಮುಗಿದ ಮೇಲೆ, ‘ಭಾವಿಸದಿದ್ದರೆ ಏನಾಗುತ್ತದೆ?’ ಎಂದು ಮಕ್ಕಳನ್ನು ಕನ್ನಡದಲ್ಲಿಯೇ ಕೇಳಿರಿ. ವಿಜ್ಞಾನವನ್ನು ಕನ್ನಡದಲ್ಲಿ ಹೇಳಲಾಗದೆಂಬ ಅಳುಕಿಗೆ ಆ ಒಂದು ಪ್ರಶ್ನೆಯೇ ಸಾಕಾದೀತು.