ಬ್ರಾಕೆಲ್ ಊರಿನ ಸಲಿಕಿ ಯಾರ ಕೈಯಾಗಿತ್ತು?

ನಾನು ಏಳನೇ ಇಯತ್ತೆ ಕಲಿತು ಹೊಲ ಹಿಡಿದಾಂವ, ಗೀಗೀ ಪದ ಹಾಡಾಂವ. ಹರದೇಶಿ ನಾಗೇಶಿ ಮೇಳದಾಗ ಎದುರಿನವರ ಸವಾಲಿಗೆ ಜವಾಬು ಕೊಡದ ಏಳಬಾರದು ಅಂತ ಪದ್ಧತಿ. ಇಲ್ಲೂ ಹಂಗೇ ಒಂದು ಜವಾಬು ಬರೀತೀನಿ.

ಸವಾಲು ಇದು: "ಹಾಲೆಂಡ್ ದೇಶ ನೋಡ್ರಿ. ಇಂಜಿನಿಯರು ಹೇಳಿದ್ರು, ಮಂದಿ ಸುಮ್ಮನ ಕೇಳಿದ್ರು, ನೀರು ಗೆದ್ರು. ನಮ್ಮ ಹಳ್ಳಿ ಮಂದಿ ಎಲ್ಲದಕ್ಕೂ ಅಡ್ಡಗಾಲು." ಈ ಮಾತು ಇದೇ ಕಟ್ಟೆಯ ಮ್ಯಾಲೆ ಎಷ್ಟೋ ಸಲ ಕೇಳೀನಿ. ಇದು ಸುಳ್ಳು ಅನ್ನಲಿಕ್ಕೆ ಅದೇ ದೇಶದ ಬ್ರಾಕೆಲ್ ಅನ್ನೋ ಸಣ್ಣ ಊರು ಸಾಕು. ಮಾಸ್ತರರ ಕಡೆ ಓದಿಸಿ ಕೇಳಿ ತಿಳಕೊಂಡೀನಿ.

ರೈನ್ ನದಿ ಹಾಲೆಂಡಿಗೆ ಬಂದ ಮ್ಯಾಲೆ ಕವಲೊಡೀತದ. ದೊಡ್ಡ ಕವಲಿಗೆ ವಾಲ್ ಅಂತ ಹೆಸರು. ಅದರ ದಂಡೀಗೆ ಬ್ರಾಕೆಲ್ ಅದ. ನೆಲ ತಗ್ಗು, ನೀರು ಎತ್ತರ. ನಡುವ ಮಣ್ಣಿನ ಒಡ್ಡು. ಆ ಒಡ್ಡನ್ನ ಕಾಯ್ದವರು ಯಾರು? ರೈತರು. ನೂರಾರು ವರ್ಷ ಒಬ್ಬೊಬ್ಬ ಹೊಲದವನಿಗೆ ಒಡ್ಡಿನ ಒಂದೊಂದು ತುಂಡು ಪಾಲಿಗೆ ಇತ್ತು. ದುರಸ್ತಿ ಮಾಡಲಿಕ್ಕೆ ಆಗದವನು ತನ್ನ ಸಲಿಕಿಯನ್ನ ಒಡ್ಡಿನಾಗ ನೆಟ್ಟು ಹೊಲ ಬಿಟ್ಟು ಹೋಗಬೇಕು. ಆ ಸಲಿಕಿ ಕಿತ್ತವನಿಗೆ ಹೊಲವೂ ಬಂತು, ಒಡ್ಡಿನ ಭಾರವೂ ಬಂತು. ಆ ಸೀಮೆಯ ಕಟ್ಟಳೆ ಅಷ್ಟು ಬಿಗಿ ಇತ್ತು. ಆದರೂ 1861ರ ಜನವರಿಯಲ್ಲಿ ಬ್ರಾಕೆಲ್ ಹತ್ತಿರ ಒಡ್ಡು ಒಡೆದು ಸೀಮೆಯೆಲ್ಲ ಮುಳುಗಿತು. ನೀರಿನ ಅಂಜಿಕಿ ಏನಂತ ಆ ಊರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

1953ರಲ್ಲಿ ಸಮುದ್ರ ಉಕ್ಕಿ ಆ ದೇಶದಾಗ 1,836 ಮಂದಿ ಸತ್ತರು. ಆಮ್ಯಾಲೆ ಸರಕಾರ ನದಿ ಒಡ್ಡುಗಳಿಗೂ ಲೆಕ್ಕ ಹಾಕಿತು. ರೈನ್ ನದಿಯಾಗ ಸೆಕೆಂಡಿಗೆ 18,000 ಘನ ಮೀಟರ್ ನೀರು ಬಂದರೂ ತಡೀಬೇಕು ಅಂತ. ಒಡ್ಡು ಎತ್ತರ ಆಗಬೇಕಾದರ ಬುಡ ಅಗಲ ಆಗಬೇಕು. ಬುಡದಾಗ, ಒಡ್ಡಿನ ಮೈಮ್ಯಾಲೆ, ಊರೇ ಇತ್ತು. 1970ರ ದಶಕದಾಗ ಬ್ರಾಕೆಲ್‌ನ ಹಳೇ ಮನಿಗೊಳು ಸಾಲುಸಾಲಾಗಿ ಬಿದ್ದವು.

ಆವಾಗ ಮಂದಿ ಸುಮ್ಮನ ಕೂಡಲಿಲ್ಲರಿ. ದೇಶದ ತುಂಬ ಕೂಗು ಎದ್ದಿತು. ಒಡ್ಡು ಬ್ಯಾಡ ಅಂತ ಅಲ್ಲ. ಊರು ಕೆಡವದ ಕಟ್ಟಲಿಕ್ಕೆ ಬರೋದಿಲ್ಲೇನು ಅಂತ. ಸರಕಾರ ಬೆಖ್ಟ್ ಸಮಿತಿ ನೇಮಿಸಿತು. 1977ರಲ್ಲಿ ಆ ಸಮಿತಿ 16,500 ಸಾಕು ಅಂದಿತು. ಮುಂದ 1993ರಲ್ಲಿ ಇನ್ನೊಂದು ಸಮಿತಿ 15,000 ಸಾಕು ಅಂದಿತು. ಅಂಕಿ ಇಳೀತು. ಬ್ರಾಕೆಲ್‌ನ ಮನಿ ತಿರುಗಿ ಏಳಲಿಲ್ಲ.

ಎದುರಿನವರು ಈಗ ಕೇಳ್ತಾರ: "1995ರಲ್ಲಿ ಏನಾತು?" ಹೌದು, ಆ ಚಳಿಗಾಲ ಪ್ರವಾಹಕ್ಕ ಅಂಜಿ ಬ್ರಾಕೆಲ್ ಸೀಮೆಯೂ ಸೇರಿ 2,50,000 ಮಂದೀನ ಮನಿ ಬಿಡಿಸಿದರು. ತಕರಾರಿನಿಂದ ಕೆಲಸ ತಡ ಆತು ಅಂತ ಅಲ್ಲಿ ಬೈದವರೂ ಇದ್ದರು. ಆ ಮಾತಿನಾಗ ಹುರುಳಿಲ್ಲ ಅನ್ನಲಾರೆ. ಆದರ ತಡ ಆಗಿದ್ದು ಕೇಳಿದ್ದಕ್ಕಲ್ಲ, ಮೊದಲೇ ಕೇಳದ್ದಕ್ಕ. ಮೊದಲೇ ಊರವರ ಕೂಡ ಕುಂತಿದ್ದರ ಒಡ್ಡೂ ಏಳ್ತಿತ್ತು, ಮನಿನೂ ಉಳೀತಿದ್ದವು.

ಇದಕ್ಕ ಸಾಕ್ಷಿ ಅದ. 2006ರಿಂದ ಅದೇ ಸರಕಾರ ನದಿಗೇ ಜಾಗ ಬಿಡೋ ಕೆಲಸ ಹಿಡೀತು. ಬ್ರಾಕೆಲ್ ಮಗ್ಗಲಿನ ಮುನ್ನಿಕೆನ್‌ಲಾಂಡ್‌ನಾಗ ಒಡ್ಡನ್ನ ಹಿಂದಕ್ಕ ಸರಿಸಿದರು. ಅತ್ತ ಓವರ್‌ಡೀಪ್ ಅನ್ನೋ ತಗ್ಗಿನಾಗ ರೈತರೇ ಉಪಾಯ ಹೇಳಿದರು: ಎತ್ತರ ದಿಬ್ಬ ಹಾಕಿ ಅದರ ಮ್ಯಾಲೆ ಮನಿ, ಕೊಟ್ಟಿಗೆ ಕಟ್ಟೋಣ, ದೊಡ್ಡ ನೀರು ಬಂದರ ಹೊಲದ ಮ್ಯಾಲೆ ಹಾಯಲಿ. 8 ದಿಬ್ಬ ಎದ್ದವು. ಎಲ್ಲರಿಗೂ ಅಲ್ಲೇ ಉಳೀಲಿಕ್ಕೆ ಆಗಲಿಲ್ಲ, ಬ್ಯಾರೆ ಕಡೆ ಹೋದವರೂ ಇದ್ದಾರ. ಆದರ ಯೋಜನೆ ಹೊಲದವರದಾಗಿತ್ತು.

ಮಾಸ್ತರಗಳೇ, ಹಾಲೆಂಡಿನ ಪಾಠ ಬಂದಾಗ ಗಾಳಿಗಿರಣಿ, ಹೂವಿನ ಹೊಲ ತೋರಸ್ರಿ, ಬ್ಯಾಡ ಅನ್ನೋದಿಲ್ಲ. ಅದರ ಕೂಡ ಒಡ್ಡಿನಾಗ ನೆಟ್ಟ ಸಲಿಕಿಯ ಕತಿನೂ ಹೇಳ್ರಿ, 18,000 ಅಂಕಿ 16,500 ಆದ ಕತಿನೂ ಹೇಳ್ರಿ. ನಾಳೆ ಯಾರರೆ ನಕಾಶೆ ಹಿಡಕೊಂಡು ಊರಿಗೆ ಬಂದರ, "ಈ ಅಂಕಿ ಹ್ಯಾಂಗ ಬಂತು?" ಅಂತ ಕೇಳೋ ಧೈರ್ಯ ನಮ್ಮ ಹುಡುಗರಿಗೆ ಇರಲಿ. ಸವಾಲು ಹಾಕಿದವರಿಗೆ ನನ್ನ ಜವಾಬು ಇಷ್ಟು.