ಕುಲಪತಿಯ ಪಗಾರ, ಕೇರಿಯ ಲೆಕ್ಕ



ಕೊಹಿನೂರದಲ್ಲಿ ಮೊನ್ನೆ ಒಂದು ಸಣ್ಣ ಸಭೆ ಮಾಡಿದೆವು. ಬಸವಕಲ್ಯಾಣದ ಹಾಸ್ಟೆಲಿನಿಂದ ಹತ್ತು ಹುಡುಗರು, ಹುಮನಾಬಾದಿನಿಂದ ಆರು, ಉಳಿದವರು ಊರಿನವರೇ. ಭಾಷಣ ಮುಗಿದ ಮೇಲೆ ಬಿ.ಎ. ಎರಡನೇ ವರ್ಷದ ತಮ್ಮನೊಬ್ಬ ಎದ್ದು ನಿಂತ. "ಅಣ್ಣಾ, ನಮ್ಮ ಪರೀಕ್ಷಾ ಫೀ ಏರಸ್ತಾರಲ್ಲ, ಏರಸೋರು ಯಾರು? ಏರಸೋರ ಪಗಾರ ಏರಸೋರು ಯಾರು?" ಎಂದು ಕೇಳಿದ. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ನಕ್ಕಿದ್ದು ಯಾಕೆಂದರೆ ಉತ್ತರ ನನಗೆ ಗೊತ್ತಿರಲಿಲ್ಲ. ಮೂರು ವರ್ಷ ಫೀ ಕಟ್ಟಿ ಪದವಿ ತಗೊಂಡವ ನಾನು. ಆ ರೊಕ್ಕ ಯಾವ ಕೋಣೆಯಲ್ಲಿ, ಯಾರ ಸಹಿಯಿಂದ, ಯಾವ ದಾರಿಗೆ ಹೋಯಿತು ಎಂದು ಒಂದು ದಿನವೂ ಕೇಳಲಿಲ್ಲ. ಕೇಳಬಹುದು ಅಂತಲೇ ಗೊತ್ತಿರಲಿಲ್ಲ.

ಈ ಸಲದ ಸಂಪಾದಕೀಯ ಆ ತಮ್ಮನಿಗೆ ತಡವಾಗಿ ಕೊಡುವ ಉತ್ತರ.

ಮೊದಲು ಹೆಸರುಗಳ ಮಾತು. ವಿಶ್ವವಿದ್ಯಾಲಯದ ಮುಖ್ಯಸ್ಥನಿಗೆ ಕನ್ನಡದಲ್ಲಿ ಕುಲಪತಿ ಅಂತಾರೆ. ಅವನ ಮೇಲೆ ಕುಲಾಧಿಪತಿ, ಅಂದರೆ ರಾಜ್ಯಪಾಲರು. ಕೆಳಗೆ ಕುಲಸಚಿವ. ಎಲ್ಲದರಲ್ಲೂ ಕುಲ! ಕುಲ ಯಾವುದೆಂದು ಕೇಳಬೇಡಿರೆಂದು ಸಾರಿದ ಕಲ್ಯಾಣದ ನೆಲದಲ್ಲಿ ನಿಂತು ನಾವು ಈ ಹೆಸರುಗಳನ್ನು ದಿನಾ ಉಚ್ಚರಿಸುತ್ತೇವೆ. ಹೆಸರು ಹಾಳಾಗಿ ಹೋಗಲಿ. ಆ ಕುರ್ಚಿಗೆ ಯಾರನ್ನು ಕೂಡ್ರಿಸುತ್ತಾರೆ, ಕೂತವನ ಲೆಕ್ಕ ಯಾರು ಕೇಳುತ್ತಾರೆ, ಅದು ನಮಗೆ ಬೇಕಾದ ಮಾತು.

ನಮ್ಮ ಭಾಗದ ಕತೆ ಸಣ್ಣದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ 1970ರಲ್ಲಿ ಗುಲಬರ್ಗಾದಲ್ಲಿ ಶುರುವಾದದ್ದು, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಬೀದರ ಜಿಲ್ಲೆಯ ನಮ್ಮ ಅಣ್ಣಂದಿರು ಒಂದು ಮಾರ್ಕ್ಸ್‌ಕಾರ್ಡಿನ ತಿದ್ದುಪಡಿಗೂ ಗುಲಬರ್ಗಾದ ಬಸ್ಸು ಹತ್ತಿದರು. ಆಮೇಲೆ ಭಾಲ್ಕಿ ತಾಲೂಕಿನ ಹಾಲಹಳ್ಳಿಯ ಸ್ನಾತಕೋತ್ತರ ಕೇಂದ್ರವೇ ಬೀದರ ವಿಶ್ವವಿದ್ಯಾಲಯವಾಗಿ 2023ರಲ್ಲಿ ಬಾಗಿಲು ತೆರೆಯಿತು. ಆ ಹೊತ್ತಿಗೆ ಹುಟ್ಟಿದ ಹತ್ತು ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಿ ಹಳೆಯವಕ್ಕೆ ಸೇರಿಸಬೇಕೆಂದು 2025ರಲ್ಲಿ ಸಂಪುಟ ಉಪಸಮಿತಿ ಹೇಳಿತು. ಬೀದರ ಒಂದನ್ನು ಮಾತ್ರ ಬಿಟ್ಟಿತು. ನಮಗೆ ಸಂತೋಷ. ಆದರೆ ಒಂದು ಮಾತು ಗಮನಿಸಿರಿ: ವಿಶ್ವವಿದ್ಯಾಲಯ ಹುಟ್ಟಿದಾಗಲೂ ನಮ್ಮನ್ನು ಕೇಳಲಿಲ್ಲ, ಮುಚ್ಚುವ ಮಾತಾಡಿದಾಗಲೂ ಕೇಳಲಿಲ್ಲ, ಉಳಿಸಿದಾಗಲೂ ಕೇಳಲಿಲ್ಲ.

ಹಾಗಾದರೆ ಕೇಳುವುದು ಯಾರನ್ನು? ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ 2000ದ ಕಾಯ್ದೆ ಇದನ್ನು ಬರೆದಿಟ್ಟಿದೆ. ಕುಲಪತಿಯನ್ನು ಹುಡುಕಲು ಒಂದು ಶೋಧನಾ ಸಮಿತಿ. ಅದರಲ್ಲಿ ಕುಲಾಧಿಪತಿಯ ಕಡೆಯಿಂದ ಒಬ್ಬರು, ಯು.ಜಿ.ಸಿ. ಕಡೆಯಿಂದ ಒಬ್ಬರು, ರಾಜ್ಯ ಸರಕಾರದ ಕಡೆಯಿಂದ ಒಬ್ಬರು, ಸಿಂಡಿಕೇಟಿನ ಕಡೆಯಿಂದ ಒಬ್ಬರು. ಇವರು ಮೂರು ಹೆಸರು ಕೊಡಬೇಕು. ಅದರಲ್ಲಿ ಒಬ್ಬರನ್ನು ರಾಜ್ಯಪಾಲರು ಸರಕಾರದ ಒಪ್ಪಿಗೆ ಪಡೆದು ನೇಮಿಸಬೇಕು. ನೇಮಿಸುವಾಗ ಅರ್ಹತೆ, ಸಮಾನತೆ, ಸಾಮಾಜಿಕ ನ್ಯಾಯ ಮೂರನ್ನೂ ಗಮನದಲ್ಲಿ ಇಟ್ಟುಕೊಳ್ಳಬೇಕು. ಹೌದು, ಸಾಮಾಜಿಕ ನ್ಯಾಯ ಎಂಬ ಮಾತು ನಮ್ಮ ಪೋಸ್ಟರಿನಲ್ಲಿ ಅಷ್ಟೇ ಅಲ್ಲ, ಕಾಯ್ದೆಯಲ್ಲೂ ಅದೆ. ನಾಲ್ಕು ವರ್ಷಕ್ಕೊಮ್ಮೆ ಆ ಮಾತನ್ನು ಯಾರು ಓದುತ್ತಾರೆ, ಯಾರು ಹಾರಿಸಿ ಓದುತ್ತಾರೆ ಎಂದು ನೋಡುತ್ತಾ ಕೂರುವುದಷ್ಟೇ ನಮ್ಮ ಪಾಲು.

ನೇಮಕವಾದ ಮೇಲೆ ಮನೆ ನಡೆಸುವುದು ಸಿಂಡಿಕೇಟು. ಆಸ್ತಿ, ಹಣ, ನೇಮಕಾತಿ, ಗುತ್ತಿಗೆ, ಶುಲ್ಕ ಎಲ್ಲವೂ ಅದರ ಮೇಜಿನ ಮೇಲೆ ಬರುತ್ತವೆ. ಸಭೆಯ ಅಧ್ಯಕ್ಷತೆ ಕುಲಪತಿಯದೇ. ಯಾರ ಮೇಲೆ ಕಣ್ಣಿಡಬೇಕೋ ಅವನೇ ಸಭೆ ನಡೆಸುತ್ತಾನೆ! ಹಳೆಯ 1976ರ ಕಾಯ್ದೆಯಲ್ಲಿ ಸೆನೆಟ್ ಅಂತ ದೊಡ್ಡ ಸಭೆ ಒಂದಿತ್ತು. ಗದ್ದಲ ಹೆಚ್ಚು, ಕೆಲಸ ಕಡಿಮೆ ಎಂದು ಅದನ್ನು ಬೈಯುವವರಿದ್ದರು. ಇರಬಹುದು. ಆದರೆ ಗದ್ದಲ ಎಬ್ಬಿಸಲು ಒಂದು ಜಾಗವಾದರೂ ಇತ್ತು. 2000ದ ಕಾಯ್ದೆ ಸೆನೆಟ್ಟನ್ನೇ ತೆಗೆದುಹಾಕಿತು. ಗದ್ದಲ ನಿಂತಿತು. ಪ್ರಶ್ನೆಯೂ ನಿಂತಿತು.

ಈಗ ಪಗಾರದ ಮಾತಿಗೆ ಬರೋಣ. ಕೇಂದ್ರ ಸರಕಾರದ 2017ರ ಯು.ಜಿ.ಸಿ. ವೇತನ ಆದೇಶದ ಪ್ರಕಾರ ಕುಲಪತಿಯ ಮೂಲವೇತನ ತಿಂಗಳಿಗೆ 2,10,000 ರೂಪಾಯಿ, ಮೇಲೆ 11,250 ವಿಶೇಷ ಭತ್ಯೆ. ತುಟ್ಟಿಭತ್ಯೆ, ಮನೆ, ಗಾಡಿ ಬೇರೆ. ಇನ್ನೊಂದು ಕಡೆ, ನಮ್ಮ ಸರಕಾರಿ ಪದವಿ ಕಾಲೇಜುಗಳಲ್ಲಿ ನಿಮಗೆ ದಿನಾ ಪಾಠ ಹೇಳುವ ಅತಿಥಿ ಉಪನ್ಯಾಸಕರು. 2022ರ ತನಕ ಇವರಿಗೆ ತಿಂಗಳಿಗೆ 11,000ದಿಂದ 13,000. ಬೀದಿಗಿಳಿದು ಕೂತ ಮೇಲೆ ಅದು 26,000ದಿಂದ 32,000 ಆಯಿತು. 2023ರ ಕೊನೆಯಲ್ಲಿ ಮತ್ತೆ ಬೀದಿಗಿಳಿದ ಮೇಲೆ ಇನ್ನೂ ಸ್ವಲ್ಪ ಏರಿತು. 32,000ದ ಲೆಕ್ಕ ಹಿಡಿದರೆ ಕುಲಪತಿಯ ಮೂಲವೇತನ ಮತ್ತು ವಿಶೇಷ ಭತ್ಯೆ ಸೇರಿ ಹತ್ತಿರ ಹತ್ತಿರ ಏಳು ಅತಿಥಿ ಉಪನ್ಯಾಸಕರ ಪಗಾರ. ಇವರಲ್ಲಿ ನಮ್ಮ ಕೇರಿಯಿಂದ ಮೊದಲ ಸಲ ಎಂ.ಎ. ಮಾಡಿದ ಎಷ್ಟು ಅಣ್ಣ ಅಕ್ಕಂದಿರಿದ್ದಾರೆ, ನಿಮಗೇ ಗೊತ್ತು.

ಇಲ್ಲಿ ಒಂದು ಮಾತು ನೇರವಾಗಿ ಹೇಳುತ್ತೇನೆ. ಕುಲಪತಿಗೆ ಎರಡು ಲಕ್ಷ ಬಂತಲ್ಲ ಅಂತ ಹೊಟ್ಟೆ ಉರಿಸಿಕೊಳ್ಳುವುದು ನಮ್ಮ ಚಳವಳಿಯಲ್ಲ. ನಾಳೆ ನಮ್ಮ ಕೇರಿಯ ಹೆಣ್ಣುಮಗಳೊಬ್ಬಳು ಆ ಕುರ್ಚಿಯಲ್ಲಿ ಕೂತರೆ ಅವಳಿಗೂ ಅಷ್ಟೇ ಬರಲಿ, ಒಂದು ರೂಪಾಯಿ ಕಡಿಮೆ ಬೇಡ. ಆದೇಶದಲ್ಲಿ ಬರೆದ ಪಗಾರ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದಕ್ಕೆ ಅಳತೆ ಇದೆ. ಅಳತೆ ಇಲ್ಲದ್ದು ಬೇರೆ ಇದೆ: ಕಟ್ಟಡದ ಗುತ್ತಿಗೆ, ಖರೀದಿ, ಪರೀಕ್ಷಾ ಕೆಲಸ, ಹೊರಗುತ್ತಿಗೆ ನೌಕರಿ, ತಾತ್ಕಾಲಿಕ ನೇಮಕ, ಬ್ಯಾಕ್‌ಲಾಗ್ ಹುದ್ದೆಗಳ ಕಡತ. ಕಣ್ಣಿಡಬೇಕಾದದ್ದು ಅಲ್ಲಿ.

ಹೊರಗಿನ ಲೋಕ ಇದಕ್ಕಿಂತ ಭಾಳ ಚಂದ ಅದ ಅಂತ ತಿಳಿಯಬೇಡಿ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ವಿಶ್ವವಿದ್ಯಾಲಯದ ಟ್ರಸ್ಟಿಗಳು 2011ರ ಜುಲೈನಲ್ಲಿ ಒಂದೇ ಸಭೆಯಲ್ಲಿ ಎರಡು ಠರಾವು ಮಾಡಿದರು. ಒಂದು, ವಿದ್ಯಾರ್ಥಿಗಳ ಫೀ ನೂರಕ್ಕೆ 12ರಷ್ಟು ಏರಿಕೆ. ಇನ್ನೊಂದು, ಸ್ಯಾನ್ ಡಿಯಾಗೋ ಕ್ಯಾಂಪಸಿನ ಹೊಸ ಅಧ್ಯಕ್ಷನಿಗೆ ವರ್ಷಕ್ಕೆ 4 ಲಕ್ಷ ಡಾಲರ್, ಹಿಂದಿನವನಿಗಿಂತ 1 ಲಕ್ಷ ಹೆಚ್ಚು. ಹುಡುಗರು ಸುಮ್ಮನೆ ಕೂರಲಿಲ್ಲ, ಶಾಸಕರೂ ಸಿಟ್ಟಾದರು. ಮುಂದಿನ ವರ್ಷ ಅದೇ ಟ್ರಸ್ಟಿಗಳು ಹೊಸ ಅಧ್ಯಕ್ಷನಿಗೆ ಸಾರ್ವಜನಿಕ ಹಣದಲ್ಲಿ ಹಿಂದಿನವನಿಗಿಂತ ನೂರಕ್ಕೆ 10ಕ್ಕಿಂತ ಹೆಚ್ಚು ಕೊಡಬಾರದೆಂದು ತಮಗೆ ತಾವೇ ಮಿತಿ ಹಾಕಿಕೊಳ್ಳಬೇಕಾಯಿತು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಕುಲಪತಿಯ ಪಗಾರ 4,68,000 ಪೌಂಡ್ ಮುಟ್ಟಿತ್ತು. ಪಗಾರ ನಿಗದಿ ಮಾಡುವ ಸಮಿತಿಯಲ್ಲಿ ಅವರೂ ಒಬ್ಬ ಸದಸ್ಯರು. ದೊಡ್ಡ ಗಲಾಟೆಯಾಗಿ 2017ರಲ್ಲಿ ಅವರು ಕುರ್ಚಿ ಬಿಡುವುದಾಗಿ ಹೇಳಬೇಕಾಯಿತು. ಎರಡೂ ಕಡೆ ಲೆಕ್ಕ ಹೊರಬಿದ್ದದ್ದು ಯಾರೋ ಕೇಳಿದ್ದರಿಂದ, ತಾನಾಗಿ ಅಲ್ಲ.

ಕೇಳದೇ ಇದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ಹುಟ್ಟಿದ್ದು. ಕಾಲೇಜಿಗೆ ಹೋಗಲಾಗದವರಿಗೆ, ಕೂಲಿ ಮಾಡುತ್ತಾ ಓದುವವರಿಗೆ, ಮದುವೆಯಾದ ಹೆಣ್ಣುಮಕ್ಕಳಿಗೆ ಅದೊಂದು ಬಾಗಿಲು. ಆ ವಿಶ್ವವಿದ್ಯಾಲಯ ತನ್ನ ವ್ಯಾಪ್ತಿಯಾಚೆ, ಹೊರರಾಜ್ಯಗಳಲ್ಲಿ, ಖಾಸಗಿ ಸಂಸ್ಥೆಗಳ ಜತೆ ಸೇರಿ ಕೋರ್ಸು ನಡೆಸಿತೆಂದು ಯು.ಜಿ.ಸಿ. 2015ರ ಜೂನಿನಲ್ಲಿ ಮಾನ್ಯತೆ ಇಲ್ಲವೆಂದು ಸಾರಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ. ಆ ಒಪ್ಪಂದಗಳು ಗಾಳಿಯಲ್ಲಿ ಆಗಲಿಲ್ಲ. ಆ ವಿಶ್ವವಿದ್ಯಾಲಯಕ್ಕೂ ಒಂದು ವ್ಯವಸ್ಥಾಪನಾ ಮಂಡಳಿ ಇತ್ತು, ಕುರ್ಚಿಗಳಿದ್ದವು, ಚಹಾ ಬಿಸ್ಕೀಟು ಬರುತ್ತಿತ್ತು. ಮಂಡಳಿಯವರ ಭತ್ಯೆ ನಿಲ್ಲಲಿಲ್ಲ. ನಿಂತದ್ದು ವಿದ್ಯಾರ್ಥಿಯ ಬದುಕು. ಫೀ ಕಟ್ಟಿ, ಪರೀಕ್ಷೆ ಬರೆದು, ಕೈಯಲ್ಲಿ ಹಾಳೆ ಹಿಡಿದವನಿಗೆ ಆ ಹಾಳೆ ನೌಕರಿಗೆ ನಡೆಯುವುದಿಲ್ಲವೆಂದರೆ ಅವನು ಯಾರ ಮನೆ ಬಾಗಿಲು ಬಡಿಯಬೇಕು?

ಸಿಂಡಿಕೇಟಿನಂಥ ಸಭೆ ಹಣವನ್ನಷ್ಟೇ ಅಲ್ಲ, ಮನುಷ್ಯರನ್ನೂ ತೂಗುತ್ತದೆ. ಪಕ್ಕದ ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ಮತ್ತು ಅವನ ನಾಲ್ವರು ಗೆಳೆಯರನ್ನು ಹಾಸ್ಟೆಲಿನಿಂದ ಹೊರಗಿಡುವ ತೀರ್ಮಾನ 2015ರಲ್ಲಿ ಬಂದದ್ದು ಅಲ್ಲಿನ ಕಾರ್ಯಕಾರಿ ಮಂಡಳಿಯ ಉಪಸಮಿತಿಯಿಂದ. ಅವನ ಫೆಲೋಶಿಪ್ ಹಣ ತಿಂಗಳುಗಟ್ಟಲೆ ಬಂದಿರಲಿಲ್ಲ. 2016ರ ಜನವರಿ 17ರಂದು ಏನಾಯಿತೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹಾಸ್ಟೆಲಿನ ಒಂದು ಮಂಚ ಉಳಿಯುವುದೂ ಹೋಗುವುದೂ ಇಂಥ ಮೇಜಿನ ಮೇಲೆಯೇ.

ಬಾಬಾಸಾಹೇಬರಿಗೆ ಇದು ನೂರು ವರ್ಷದ ಹಿಂದೆಯೇ ಗೊತ್ತಿತ್ತು. 1927ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮುಂಬಯಿ ವಿಶ್ವವಿದ್ಯಾಲಯದ ತಿದ್ದುಪಡಿ ಮಸೂದೆ ಬಂದಾಗ ಅವರು ಎದ್ದು ನಿಂತು, ಹಿಂದುಳಿದ ಜಾತಿಗಳಿಗೆ ಸೆನೆಟಿನಲ್ಲಿ ಸ್ಥಾನ ಬೇಕೆಂದು ವಾದಿಸಿದರು. ಮಹಾಡದ ಕೆರೆಯ ನೀರಿಗೆ ಕೈ ಹಾಕಿದ ವರ್ಷವೂ ಅದೇ. ನಾವು ಮಹಾಡವನ್ನು ಪ್ರತಿ ವರ್ಷ ನೆನೆಯುತ್ತೇವೆ, ಸೆನೆಟಿನ ವಾದವನ್ನು ಮರೆತಿದ್ದೇವೆ. ಅವರು ಎರಡನ್ನೂ ಒಂದೇ ವರ್ಷ ಕೇಳಿದರು.

ಈಗ ಕಾಯ್ದೆಯೇ ಸಿಂಡಿಕೇಟಿನ ಸರಕಾರಿ ನಾಮಕರಣದಲ್ಲಿ ಪರಿಶಿಷ್ಟರಿಗೆ ಸ್ಥಾನ ಕೊಟ್ಟಿದೆ. ಒಳ್ಳೆಯದು. ಆದರೆ ಕಹಿ ಮಾತೊಂದನ್ನು ನಮ್ಮೊಳಗೆ ನಾವೇ ಆಡಿಕೊಳ್ಳಬೇಕು. "ನಮ್ಮಾವ ಸಿಂಡಿಕೇಟ್ ಮೆಂಬರ್ ಆಗ್ಯಾನ" ಅಂತ ಹಾರ ಹಾಕಿ ಮೆರವಣಿಗೆ ಮಾಡುತ್ತೇವೆ. ಆಮೇಲೆ ಅವನು ಯಾವ ಸಭೆಯಲ್ಲಿ ಏನು ಕೇಳಿದ, ಯಾವ ಕಾಗದಕ್ಕೆ ಸಹಿ ಹಾಕಿದ ಎಂದು ಒಮ್ಮೆಯೂ ವಿಚಾರಿಸುವುದಿಲ್ಲ. ಪಕ್ಷದ ಕೃಪೆಯಿಂದ ಬಂದವನು ಪಕ್ಷದ ಮುಖ ನೋಡುತ್ತಾನೆ. ಹಾರ ಹಾಕಿದ ನಾವು ಲೆಕ್ಕ ಕೇಳಿದರೆ ಮಾತ್ರ ಅವನು ನಮ್ಮ ಮುಖ ನೋಡುತ್ತಾನೆ. ನಮ್ಮವನೆಂದು ಬಿಡುವುದು ಅವನಿಗೆ ಮಾಡುವ ಉಪಕಾರವಲ್ಲ.

ಇನ್ನೊಂದು ಜಗಳ ಮೇಲುಗಡೆ ನಡೆದಿದೆ. 2025ರ ಜನವರಿಯಲ್ಲಿ ಯು.ಜಿ.ಸಿ. ಒಂದು ಕರಡು ತಂದಿತು. ಅದರಲ್ಲಿ ಶೋಧನಾ ಸಮಿತಿಯಿಂದ ರಾಜ್ಯ ಸರಕಾರದ ಪ್ರತಿನಿಧಿಗೆ ಜಾಗವಿಲ್ಲ, ಉದ್ಯಮದಿಂದ ಬಂದವರೂ ಕುಲಪತಿಯಾಗಬಹುದು. ನಮ್ಮ ರಾಜ್ಯ ಅದನ್ನು ವಿರೋಧಿಸಿತು. ಅದಕ್ಕೂ ಮೊದಲು 2024ರ ಡಿಸೆಂಬರಿನಲ್ಲಿ, ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯಕ್ಕೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಯೇ ಕುಲಾಧಿಪತಿ ಎಂಬ ಮಸೂದೆಯನ್ನು ನಮ್ಮ ಶಾಸನಸಭೆ ಪಾಸು ಮಾಡಿತು. ರಾಜ್ಯದ ಹಕ್ಕು ಹೋಗಬಾರದು, ಬಂಡವಾಳಗಾರ ಕುಲಪತಿಯಾಗಬಾರದು, ಇದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ದಿಲ್ಲಿಯೋ ಬೆಂಗಳೂರೋ ಎಂಬ ಈ ಜಗಳದಲ್ಲಿ ಕೊಹಿನೂರದ ಹೆಸರು ಎಲ್ಲೂ ಇಲ್ಲ. ಕುರ್ಚಿಯ ಕೀಲಿ ಯಾರ ಕೈಗೆ ಹೋದರೂ ಕೋಣೆಯ ಕಿಟಕಿ ತೆಗೆಯಿರಿ ಎಂಬುದು ನಮ್ಮ ಬೇಡಿಕೆ.

ಆ ಕಿಟಕಿ ತೆಗೆಯುವ ಒಂದು ಸಣ್ಣ ಕೋಲು ನಮ್ಮ ಕೈಯಲ್ಲಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಓದಿರಿ. ಪ್ರತಿ ಸಾರ್ವಜನಿಕ ಕಚೇರಿ ತನ್ನ ಪ್ರತಿಯೊಬ್ಬ ಅಧಿಕಾರಿ, ನೌಕರನ ತಿಂಗಳ ಪಗಾರವನ್ನು, ಕೇಳದೆಯೇ ಪ್ರಕಟಿಸಬೇಕು. ಯಾವ ಯಾವ ಮಂಡಳಿ, ಸಮಿತಿ ಇವೆ, ಅವುಗಳ ನಡಾವಳಿ ಜನರಿಗೆ ಸಿಗುತ್ತದೋ ಇಲ್ಲವೋ ಎಂಬುದನ್ನೂ ಪ್ರಕಟಿಸಬೇಕು. ಮಾಡದಿದ್ದರೆ ಅರ್ಜಿ ಹಾಕಿರಿ. ಹತ್ತು ರೂಪಾಯಿ ಶುಲ್ಕ, ಬಡತನ ರೇಖೆಯ ಕಾರ್ಡು ಇದ್ದವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದೊಳಗೆ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೇಲ್ಮನವಿ.

ಹಾಸ್ಟೆಲಿನ ಗೆಳೆಯರು ಈ ನಾಲ್ಕನ್ನು ಹಂಚಿಕೊಂಡು ಕೇಳಿರಿ. ಹೋದ ವರ್ಷದ ಸಿಂಡಿಕೇಟ್ ಸಭೆಗಳ ನಡಾವಳಿ. ಕುಲಪತಿ, ಕುಲಸಚಿವರ ಪಗಾರ, ಭತ್ಯೆ, ಗಾಡಿ, ಪ್ರವಾಸದ ಖರ್ಚು. ಪರಿಶಿಷ್ಟರ ಬ್ಯಾಕ್‌ಲಾಗ್ ಹುದ್ದೆ ಎಷ್ಟು ಖಾಲಿ, ಯಾವಾಗಿನಿಂದ. ಪರೀಕ್ಷಾ ಶುಲ್ಕದಿಂದ ಬಂದದ್ದೆಷ್ಟು, ಪರೀಕ್ಷೆಗೆ ಖರ್ಚಾದದ್ದೆಷ್ಟು. ನಾಲ್ಕು ಹಾಸ್ಟೆಲು, ನಾಲ್ಕು ಅರ್ಜಿ, ನಲವತ್ತು ರೂಪಾಯಿ. ಬಂದ ಉತ್ತರವನ್ನು ಇದೇ ಹಾಳೆಯಲ್ಲಿ ಅಚ್ಚು ಹಾಕುತ್ತೇವೆ. ಬರದಿದ್ದರೆ ಬರಲಿಲ್ಲವೆಂಬುದನ್ನೂ ಹಾಕುತ್ತೇವೆ.

ಅರ್ಜಿ ಕೊಡಲು ಹೋದಾಗ ಗುಮಾಸ್ತ ಕನ್ನಡಕದ ಮೇಲಿಂದ ನೋಡುತ್ತಾನೆ. ನನ್ನನ್ನೂ ಒಂದು ಕಚೇರಿಯಲ್ಲಿ ಹಾಗೇ ನೋಡಿದ್ದರು. ಪದವಿ ಪ್ರಮಾಣಪತ್ರಕ್ಕೆ ದಂಡ ಯಾಕೆ ಅಂತ ಕೇಳಿದ್ದಕ್ಕೆ, "ನಿನಗ್ಯಾಕ ಬೇಕಪ್ಪ ಅದೆಲ್ಲ, ಕಟ್ಟಿ ತಗೊಂಡು ಹೋಗು" ಅಂದರು. ಕಟ್ಟಿ ತಗೊಂಡು ಬಂದೆ. ಅವ್ವ ಕಬ್ಬಿನ ಗದ್ದೆಯಲ್ಲಿ ದುಡಿದ ಎರಡು ದಿನದ ಕೂಲಿ ಅದು. ಆ ದಿನ ಸುಮ್ಮನೆ ಬಂದದ್ದಕ್ಕೆ ಇವತ್ತೂ ನಾಚಿಕೆಯಾಗುತ್ತದೆ.

ನಮ್ಮ ಕಲ್ಯಾಣದ ಒಂದು ಕತೆ ಇದೆ. ಬಿಜ್ಜಳನ ಭಂಡಾರವನ್ನು ಬಸವಣ್ಣ ಜಂಗಮರಿಗೆ ಖರ್ಚು ಮಾಡಿದನೆಂದು ಚಾಡಿ ಹೇಳಿದರಂತೆ. ಬಸವಣ್ಣ ಸಿಟ್ಟಾಗಲಿಲ್ಲ, ಭಂಡಾರದ ಬಾಗಿಲು ತೆಗೆದು ಲೆಕ್ಕ ಒಪ್ಪಿಸಿದನೆಂದು ಪುರಾಣಗಳು ಹೇಳುತ್ತವೆ. ಅವನ ಪಟ ಇಲ್ಲದ ಕುಲಪತಿಯ ಕೋಣೆ ನಮ್ಮ ಭಾಗದಲ್ಲಿ ಸಿಗುವುದು ಕಷ್ಟ. ಪಟಕ್ಕೆ ಹೂವು ಏರಿಸುವವರು ಭಂಡಾರದ ಬಾಗಿಲನ್ನೂ ತೆಗೆಯಲಿ.

ಕೊಹಿನೂರದ ತಮ್ಮಾ, ನಿನ್ನ ಪ್ರಶ್ನೆಗೆ ನಕ್ಕದ್ದು ತಪ್ಪಾಯಿತು. ಮೊದಲ ಅರ್ಜಿ ನೀನು ಬರೆ. ಎರಡನೆಯದು ನಾನು ಬರೆಯುತ್ತೇನೆ.

ಜೈ ಭೀಮ್.